ಎಷ್ಟು ಬೇಕು, ಸರಿಯಾಗಿ ಹೇಳಿ: ಊರಿನ ಕಲಾಸಂಘಕ್ಕೆ ದಾನಿಗಳನ್ನು ಹುಡುಕುವ ಬಗೆ

ನಮ್ಮ ಹವ್ಯಾಸಿ ಯಕ್ಷಗಾನ ಸಂಘದ ಖಜಾಂಚಿ ಕೆಲಸ ನನ್ನ ಕುತ್ತಿಗೆಗೆ ಬಿದ್ದದ್ದು, ಆ ವರ್ಷದ ಮಹಾಸಭೆಗೆ ನಾನು ಹೋಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಕೈಗೆ ಬಂದದ್ದು ಅರ್ಧ ಮುಗಿದ ರಸೀದಿ ಪುಸ್ತಕ, ಒಂದು ಪಾಸ್‌ಬುಕ್, ಮೈಕಿನವರಿಗೆ ಕೊಡಬೇಕಾದ ಬಾಕಿಯ ಚೀಟಿ.

ಮೊದಲ ವರ್ಷ ಪೇಟೆಯ ಹೋಟೆಲ್ ಮಾಲೀಕರೊಬ್ಬರ ಹತ್ತಿರ ಹೋಗಿ, "ವಾರ್ಷಿಕೋತ್ಸವ ಉಂಟು, ನಿಮ್ಮಿಂದ ಏನಾದರೂ ಸಹಾಯ ಆಗಬೇಕು" ಎಂದೆ. ಕಾಫಿ ಕೊಟ್ಟರು. ಗಲ್ಲಾಪೆಟ್ಟಿಗೆಯಿಂದ ಐನೂರರ ಒಂದು ನೋಟು ತೆಗೆದು ಕೊಟ್ಟರು. ಅಲ್ಲಿಗೆ ಮಾತು ಮುಗಿಯಿತು. ಮರುವರ್ಷ ಮದ್ದಳೆಯ ಮುಚ್ಚಿಗೆ ಹರಿದಿತ್ತು. ಈ ಸಲ ಮದ್ದಳೆಯನ್ನೇ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದೆ. ಅವರು ಅದನ್ನು ಮೇಜಿನ ಮೇಲೆ ಇಡಿಸಿ ಬೆರಳಿನಿಂದ ತಟ್ಟಿದರು. ಒದ್ದೆ ಗೋಣಿಗೆ ಹೊಡೆದ ಹಾಗೆ ಸದ್ದು ಬಂತು. "ಎಷ್ಟು ಬೇಕು ಮಾಷ್ಟ್ರೇ, ಸರಿಯಾಗಿ ಹೇಳಿ" ಎಂದರು. ಹೇಳಿದೆ. ಪೂರ್ತಿ ಕೊಟ್ಟರು. ಆಟದ ದಿನ (ಯಕ್ಷಗಾನ ಪ್ರದರ್ಶನಕ್ಕೆ ನಮ್ಮಲ್ಲಿ ಆಟ ಎನ್ನುತ್ತಾರೆ) ಮೊದಲ ಸಾಲಿನಲ್ಲಿ ಕೂತು, ರಂಗಸ್ಥಳದಲ್ಲಿ ಯಾರು ಬಂದರೂ ಹೋದರೂ, ಮದ್ದಳೆಯ ಕಡೆಗೇ ನೋಡುತ್ತಿದ್ದರು.

ಈ ಕೆಲಸದಲ್ಲಿ ನಾನು ಕಲಿತದ್ದರ ಮುಕ್ಕಾಲು ಪಾಲು ಆ ಎರಡು ಭೇಟಿಗಳಲ್ಲೇ ಉಂಟು. 'ಕಲೆಗೆ' ಎಂದು ಯಾರೂ ಕೈ ಬಿಚ್ಚಿ ಕೊಡುವುದಿಲ್ಲ. ಒಂದು ಮದ್ದಳೆಗೆ ಕೊಡುತ್ತಾರೆ, ಒಂದು ರಾತ್ರಿಯ ಆಟಕ್ಕೆ ಕೊಡುತ್ತಾರೆ, ಒಬ್ಬ ಹುಡುಗಿ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಯಲಿ ಎಂದು ಕೊಡುತ್ತಾರೆ. ಸಂಗೀತ ಸಭೆ, ನಾಟಕ ತಂಡ, ಡೊಳ್ಳಿನ ತಂಡ, ಯಾವುದನ್ನೇ ನಡೆಸುವವರಿಗೂ ಇದು ಅನ್ವಯಿಸುತ್ತದೆ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ. ಉದಾಹರಣೆ ಮಾತ್ರ ಹೆಚ್ಚಾಗಿ ಯಕ್ಷಗಾನದ್ದೇ ಬರುತ್ತದೆ, ಕ್ಷಮಿಸಿ.

ಹರಕೆಯಾಟದಿಂದ ಶುರು ಮಾಡೋಣ

ಖಾಸಗಿ ದಾನದಿಂದ ಕಲೆ ನಡೆಯುವುದೆಂದರೆ ಬೆಂಗಳೂರಿನ ಶ್ರೀಮಂತರ ವಿಷಯ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅಂಥದ್ದೂ ಉಂಟು. 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ನಿಂತಿರುವುದು ಉದ್ಯಮಿ ಅಭಿಷೇಕ್ ಪೋದ್ದಾರ್ ಅವರ ಸಂಗ್ರಹದ ಮೇಲೆ. ಅದಕ್ಕೂ ಹಿಂದೆ, ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟಿದ್ದರು. ಮೆಟ್ನರ್ ತಾನೇ ಪಿಯಾನೋ ನುಡಿಸಿದ ಆ ಮುದ್ರಿಕೆಗಳು ಇವತ್ತಿಗೂ ಉಳಿದಿರುವುದು ಮೈಸೂರಿನ ದುಡ್ಡಿನಿಂದ.

ಆದರೆ ಕರಾವಳಿಯಲ್ಲಿ ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯಲ್ಲಿ ಬರುವ ಪತ್ತನಾಜೆ ದಿನದವರೆಗೆ ದಿನಾ ರಾತ್ರಿ ನಡೆಯುವುದೂ ಇದೇ. ಕಟೀಲು, ಮಂದಾರ್ತಿ, ಧರ್ಮಸ್ಥಳದ ಮೇಳಗಳ, ಅಂದರೆ ವೃತ್ತಿಪರ ಯಕ್ಷಗಾನ ತಂಡಗಳ, ಆಟವನ್ನು ಒಂದು ಮನೆಯವರು ಹರಕೆ ಹೊತ್ತು ಆಡಿಸುತ್ತಾರೆ. ಖರ್ಚು ಅವರದ್ದು. ನೋಡುವವರಿಗೆ ಟಿಕೆಟ್ ಇಲ್ಲ, ಊಟವೂ ಸಿಗುತ್ತದೆ. ಹರಕೆಯ ಸರದಿ ಬರಲು ವರ್ಷಗಟ್ಟಲೆ ಕಾಯುವ ಮನೆಗಳಿವೆ. ಸರ್ಕಾರದ ಅನುದಾನದ ಮುಖ ನೋಡದೆ ವರ್ಷಕ್ಕೆ ಆರೇಳು ತಿಂಗಳು ನೂರಾರು ಕಲಾವಿದರಿಗೆ ಕೆಲಸ ಕೊಡುವ ವ್ಯವಸ್ಥೆ ಇದು.

ಇದು ಯಾಕೆ ನಡೆಯುತ್ತದೆ ಎಂದು ನೋಡಿ. ಕೊಡುವವನಿಗೆ ಒಟ್ಟು ಎಷ್ಟು ಎಂಬುದು ಮೊದಲೇ ಗೊತ್ತು. ಏನು ಸಿಗುತ್ತದೆ ಎಂಬುದೂ ಗೊತ್ತು: ಇಂಥ ರಾತ್ರಿ, ನಮ್ಮ ಗದ್ದೆಯಲ್ಲಿ, ಇಂಥ ಪ್ರಸಂಗ (ಆಡುವ ಕಥೆ). ವೇಷ ಕಟ್ಟುವ ಚೌಕಿಯಲ್ಲಿ ಆಟಕ್ಕೆ ಮೊದಲು ನಡೆಯುವ ಚೌಕಿಪೂಜೆಗೆ ಅವನ ಮನೆಯವರೇ ನಿಲ್ಲುತ್ತಾರೆ. ಊರು ಬಂದು ನೋಡುತ್ತದೆ. ಆದರೆ ಹಿರಣ್ಯಾಕ್ಷನ ವೇಷ ಯಾರು ಮಾಡಬೇಕು, ಪದ್ಯ ಎಷ್ಟು ಹೊತ್ತು ಎಳೆಯಬೇಕು ಎಂಬುದರಲ್ಲಿ ಅವನ ಮಾತು ನಡೆಯುವುದಿಲ್ಲ, ಅದು ಹಾಡಿ ಆಟ ನಡೆಸುವ ಭಾಗವತರ ಪಾಲು. ಸ್ಪಷ್ಟ ಮೊತ್ತ, ಕಣ್ಣಿಗೆ ಕಾಣುವ ಫಲ, ಊರಿನ ಸಾಕ್ಷಿ, ಕಲೆಯೊಳಗೆ ಕೈ ಹಾಕದ ದಾನಿ. ಮುಂದಿನ ಹೆಜ್ಜೆಗಳೆಲ್ಲ ಈ ನಾಲ್ಕನ್ನು ನಮ್ಮ ಸಣ್ಣ ಸಂಘಕ್ಕೆ ಹೊಂದಿಸುವ ಕಸರತ್ತು.

ಹೆಜ್ಜೆ 1: ಖರ್ಚನ್ನು ತುಂಡು ಮಾಡಿ

ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ಹಿಂದಿನ ಮೂರು ವರ್ಷದ ಖರ್ಚನ್ನು ಬರೆಯಿರಿ. ಬರೆದು ಮೂರು ರಾಶಿ ಮಾಡಿ.

ಒಂದು, ಆಟದ ರಾತ್ರಿಯ ಖರ್ಚು: ವೇಷಭೂಷಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ರಂಗಸ್ಥಳ, ಧ್ವನಿ-ಬೆಳಕು, ಊಟ. ಎರಡು, ವರ್ಷವಿಡೀ ಬರುವ ಖರ್ಚು: ಗುರುಗಳ ತಿಂಗಳ ಸಂಭಾವನೆ, ಕೋಣೆಯ ಬಾಡಿಗೆ, ಕರೆಂಟು, ಚಹಾ. ಮೂರು, ಅಪರೂಪಕ್ಕೆ ಬರುವ ದೊಡ್ಡ ಖರ್ಚು: ಹೊಸ ಚೆಂಡೆ, ಕಿರೀಟ, ಕಪಾಟು.

ಮೂರನೆಯದಕ್ಕೆ ದಾನಿ ಬೇಗ ಸಿಗುತ್ತಾರೆ, ವಸ್ತುವಿನ ಮೇಲೆ ಹೆಸರು ಬರೆಸಬಹುದಲ್ಲ. ಮೊದಲನೆಯದಕ್ಕೂ ಸಿಗುತ್ತಾರೆ. ಸಂಘಗಳು ಸಾಯುವುದು ಎರಡನೆಯದರಲ್ಲಿ. ಕರೆಂಟು ಬಿಲ್ಲನ್ನು ಪ್ರಾಯೋಜಿಸಿದೆ ಎಂದು ಹೇಳಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಅದನ್ನು ಮಕ್ಕಳ ಲೆಕ್ಕಕ್ಕೆ ಇಳಿಸುವುದು. ಗುರುಗಳು, ಕೋಣೆ, ಕರೆಂಟು, ಗೆಜ್ಜೆ, ಚಹಾ ಎಲ್ಲ ಸೇರಿಸಿ ಕಲಿಯುವ ಮಕ್ಕಳ ಸಂಖ್ಯೆಯಿಂದ ಭಾಗಿಸಿ. ವರ್ಷಕ್ಕೆ ಒಟ್ಟು 96,000 ರೂಪಾಯಿ ಆಗಿ, 24 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. 'ಒಂದು ಮಗುವಿನ ಒಂದು ವರ್ಷದ ನಾಟ್ಯ ತರಗತಿ, 4,000 ರೂಪಾಯಿ.' ಅದರಲ್ಲಿ ಕರೆಂಟು ಬಿಲ್ಲೂ ಉಂಟು, ಯಾರಿಗೂ ಸುಳ್ಳು ಹೇಳಿದ ಹಾಗೂ ಆಗಲಿಲ್ಲ.

ಪಟ್ಟಿಯಲ್ಲಿ ಐವತ್ತು ಸಾವಿರದ್ದೂ ಇರಲಿ, ಇನ್ನೂರರದ್ದೂ ಇರಲಿ. ರಿಕ್ಷಾ ಓಡಿಸುವವನೂ ತಲೆಯೆತ್ತಿ ಕೊಡುವಂಥದ್ದು ಒಂದು ಇರಬೇಕು. ನಮ್ಮಲ್ಲಿ ಅದು 'ಒಂದು ಭಾನುವಾರದ ಚಹಾ-ಬಿಸ್ಕತ್ತು'.

ಇನ್ನೊಂದು ಮಾತು. 'ಹೇಗೂ ಅರ್ಧ ಕೊಡ್ತಾರೆ' ಎಂದು ಎರಡು ಪಟ್ಟು ಬರೆಯುವ ಅಭ್ಯಾಸ ನಮ್ಮ ಕಡೆ ಉಂಟು. ಮಾಡಬೇಡಿ. ವ್ಯಾಪಾರ ಮಾಡಿ ದುಡ್ಡು ಕಂಡವರಿಗೆ ಶಾಮಿಯಾನದ ಬಾಡಿಗೆ ಎಷ್ಟು ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹೆಜ್ಜೆ 2: ಯಾರ ಮನೆಗೆ ಹೋಗುವುದು

ಮೊದಲ ಹೆಸರು ನಿಮ್ಮದೇ. ಪದಾಧಿಕಾರಿಗಳು ಕೊಡದ ಸಂಘಕ್ಕೆ ಹೊರಗಿನವರು ಯಾಕೆ ಕೊಡಬೇಕು? ನಾನು ಎಲ್ಲಿಗೆ ಹೋದರೂ ರಸೀದಿ ಪುಸ್ತಕದ ಮೊದಲ ಹತ್ತು ಎಲೆ ಸದಸ್ಯರದ್ದೇ ಆಗಿರುವಂತೆ ನೋಡಿಕೊಳ್ಳುತ್ತೇನೆ. ಜನ ಎಲೆ ತಿರುಗಿಸಿ ನೋಡಿಯೇ ನೋಡುತ್ತಾರೆ.

ಆಮೇಲೆ ಕಳೆದ ವರ್ಷ ಕೊನೆಯವರೆಗೆ ಕೂತು ನೋಡಿದವರು. ಚಿಕ್ಕಂದಿನಲ್ಲಿ ಸಂಘದಲ್ಲಿ ಕುಣಿದು ಈಗ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವವರು. ಮನೆಯ ಹಿರಿಯರೊಬ್ಬರು ಮಾತಿನಲ್ಲೇ ಪಾತ್ರ ಮಾಡುವ ಒಳ್ಳೆಯ ಅರ್ಥಧಾರಿಯೋ ಪಿಟೀಲುವಾದಕರೋ ಆಗಿದ್ದು, ಅವರು ಹೋದ ಮೇಲೆ ಆ ನೆನಪನ್ನು ಎಲ್ಲಿಡುವುದೆಂದು ತಿಳಿಯದೆ ಇರುವ ಮಕ್ಕಳು. ಈ ಕೊನೆಯ ಗುಂಪನ್ನು ಯಾರೂ ಸರಿಯಾಗಿ ಗಮನಿಸುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು ನಿಂತಿರುವುದೇ ಇವರಿಂದ. ತಂದೆ-ತಾಯಿಯ ಹೆಸರಿನಲ್ಲಿ ಒಂದು ಮೊತ್ತ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದು ಕಾರ್ಯಕ್ರಮ. ನಿಮ್ಮ ಸಂಘದಲ್ಲೂ 'ಇಂಥವರ ನೆನಪಿನ ತಾಳಮದ್ದಳೆ' (ವೇಷ, ಕುಣಿತ ಇಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಕೂಟ) ಎಂದು ಮಾಡಬಹುದು. ಮಾಡುವ ಮೊದಲು ಬಡ್ಡಿ ದರ ನೋಡಿಕೊಳ್ಳಿ. ಇಪ್ಪತ್ತೈದು ವರ್ಷದ ಹಿಂದೆ ಐದು ಸಾವಿರ ಇಟ್ಟ ದತ್ತಿಯ ಬಡ್ಡಿಯಲ್ಲಿ ಈಗ ಒಂದು ಶಾಲೂ ಬರುವುದಿಲ್ಲ. ಮೊತ್ತ ಸಾಲದಾದಾಗ ಬೇರೆ ದತ್ತಿಯೊಂದಿಗೆ ಸೇರಿಸುವ ಹಕ್ಕು ಸಂಘಕ್ಕೆ ಇದೆ ಎಂದು ಒಪ್ಪಂದದಲ್ಲೇ ಬರೆಸಿ.

ಹೆಸರಿನ ಎದುರು 'ಯಾಕೆ ಕೊಡಬಹುದು' ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ. ಭಕ್ತಿಗೆ ಕೊಡುವವರ ಹತ್ತಿರ ಮಕ್ಕಳ ತರಗತಿಯ ಮಾತು ಅಷ್ಟು ಹತ್ತುವುದಿಲ್ಲ. ಹೆಸರಿಗೆ ಕೊಡುವವರೂ ತಪ್ಪು ಮಾಡಿದವರಲ್ಲ, ಅವರಿಗೆ ಹೆಸರು ಸಿಗಬೇಕು, ಅಷ್ಟೇ. ರಾಜಕಾರಣಿಗಳ ಪಟ್ಟಿಯನ್ನು ನಾನು ಕೊನೆಗೆ ಇಡುತ್ತೇನೆ. ಕಾರಣ ಹೇಳಬೇಕಾಗಿಲ್ಲ.

ಹೆಜ್ಜೆ 3: ಕಾಗದಪತ್ರ

ಬೇಸರದ ಭಾಗ, ಆದರೆ ತಪ್ಪಿಸಲು ಆಗುವುದಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಡೀಡ್. ಊರಿನ ಕಲಾಸಂಘಕ್ಕೆ ನನ್ನ ಮತ ಸಂಘಕ್ಕೇ. ಚುನಾವಣೆ, ಮಹಾಸಭೆ, ಜಗಳ ಎಲ್ಲ ಇರುತ್ತದೆ ನಿಜ, ಆದರೆ ಊರಿಗೆ ಅದು ತನ್ನದು ಅನ್ನಿಸುತ್ತದೆ. ನೋಂದಣಿ ಆದ ಮೇಲೆ ಸಂಘದ ಹೆಸರಿನಲ್ಲೇ ಪ್ಯಾನ್, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ, ಇಬ್ಬರ ಸಹಿ. ಕಾರ್ಯದರ್ಶಿಯ ಸ್ವಂತ ಖಾತೆಯ ಕ್ಯುಆರ್ ಕೋಡನ್ನು ವೇದಿಕೆಯ ಪಕ್ಕ ಅಂಟಿಸಿದ ಸಂಘವೊಂದನ್ನು ನೋಡಿದ್ದೇನೆ. ಆತ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಆದರೂ ಮೂರು ವರ್ಷ ಊರಿನ ಬಾಯಿಗೆ ಬೀಗ ಹಾಕಲು ಆಗಲಿಲ್ಲ.

ಮುಂದಿನದು ಆದಾಯ ತೆರಿಗೆಯ ಎರಡು ನೋಂದಣಿ: ಸಂಘದ ಆದಾಯಕ್ಕೆ ವಿನಾಯಿತಿ ಕೊಡುವ 12ಎ, ದಾನಿಗೆ ವಿನಾಯಿತಿ ಕೊಡುವ 80ಜಿ. ಹೊಸ ಸಂಘಕ್ಕೆ ಮೊದಲು ಮೂರು ವರ್ಷದ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರೊಂದಿಗೆ ಕಲಮುಗಳ, ನಮೂನೆಗಳ ಸಂಖ್ಯೆ ಬದಲಾಗುತ್ತದೆ. ಬಾಯಿಮಾತಿನಲ್ಲಿ ಎಲ್ಲರೂ ಹೇಳುವುದು ಹಳೆಯ ಹೆಸರನ್ನೇ, ನಾನೂ ಅದನ್ನೇ ಬಳಸುತ್ತಿದ್ದೇನೆ. ಅರ್ಜಿ ತುಂಬುವಾಗ ಆಡಿಟರ್ ಹತ್ತಿರ ಕೇಳಿಕೊಳ್ಳಿ.

80ಜಿ ಬಗ್ಗೆ ಗೊತ್ತಿರಬೇಕಾದ ನಾಲ್ಕು ಸಂಗತಿ:

- ನಗದು 2,000 ರೂಪಾಯಿ ದಾಟಿದರೆ ದಾನಿಗೆ ವಿನಾಯಿತಿ ಇಲ್ಲ. ಚೆಕ್ಕು, ಯುಪಿಐ, ಬ್ಯಾಂಕ್ ವರ್ಗಾವಣೆ ಆಗಬೇಕು.
- ವಸ್ತುರೂಪದ ದಾನಕ್ಕೆ ವಿನಾಯಿತಿ ಇಲ್ಲ. ಚೆಂಡೆ ತಂದುಕೊಟ್ಟವರಿಗೆ 80ಜಿ ರಸೀದಿ ಕೊಡಲು ಬರುವುದಿಲ್ಲ. ವಿನಾಯಿತಿ ಬೇಕೆನ್ನುವವರು ಹಣ ಸಂಘಕ್ಕೆ ಕೊಡಲಿ, ಚೆಂಡೆ ಸಂಘ ಕೊಳ್ಳಲಿ.
- ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದರ ಉಪಯೋಗ. ಹೊಸ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ಇಲ್ಲ.
- ಧಾರ್ಮಿಕ ಕೆಲಸಕ್ಕೆ ಸಂಘದ ಆದಾಯದ ಶೇ 5ಕ್ಕಿಂತ ಹೆಚ್ಚು ಖರ್ಚಾದರೆ 80ಜಿಗೆ ತೊಂದರೆ. ದೇವಸ್ಥಾನದ ಅಂಗಳದಲ್ಲೇ ಬೆಳೆದ ನಮ್ಮಂಥ ಸಂಘಗಳು ಗಣಹೋಮದ ಖರ್ಚನ್ನೂ ನಾಟ್ಯ ತರಗತಿಯ ಖರ್ಚನ್ನೂ ಒಂದೇ ಪುಟದಲ್ಲಿ ಬರೆದು ಸಿಕ್ಕಿಬೀಳುವುದು ಇಲ್ಲಿಯೇ.

ಹಾಗೆಂದು 80ಜಿ ಇದ್ದರೆ ದಾನ ಹರಿದು ಬರುತ್ತದೆ ಎಂದುಕೊಳ್ಳಬೇಡಿ. ನಮ್ಮಂಥ ಸಂಘಕ್ಕೆ ಹತ್ತು ಸಾವಿರ ಕೊಟ್ಟರೆ ದಾನಿಯ ಆದಾಯದಿಂದ ಕಳೆಯುವುದು ಐದು ಸಾವಿರ. ಶೇ 30ರ ದರದವರಿಗೂ ಉಳಿಯುವುದು ಸುಮಾರು 1,500 ರೂಪಾಯಿ. ಆ ಆಸೆಗೆ ಎಂಟೂವರೆ ಸಾವಿರ ಕಳೆದುಕೊಳ್ಳುವವರು ಯಾರೂ ಇಲ್ಲ. ಮಂಜೂರಾತಿ ಪತ್ರ ಇರುವುದು ಲೆಕ್ಕ ನೆಟ್ಟಗಿದೆ ಎಂಬುದರ ಗುರುತಿಗೆ.

ಹೆಜ್ಜೆ 4: ಕೇಳುವುದು

ಇಬ್ಬರೇ ಹೋಗಿ. ಎಂಟು ಜನ ಹೋಗುವುದು ದಾನ ಕೇಳುವ ಕ್ರಮ ಅಲ್ಲ, ಅದು ಮುತ್ತಿಗೆ. ಒಬ್ಬರು ಮನೆಯವರಿಗೆ ಪರಿಚಯ ಇದ್ದವರು, ಇನ್ನೊಬ್ಬರು ಲೆಕ್ಕ ಗೊತ್ತಿದ್ದವರು. ಆದರೆ ಕಲಿಯುವ ಮಕ್ಕಳಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ ಕುಣಿಸಬೇಡಿ. ಒಮ್ಮೆ ನಾವೇ ಮಾಡಿದ್ದೆವು. ಹುಡುಗ ಆ ಮನೆಯ ನುಣುಪು ನೆಲದ ಮೇಲೆ ಪ್ರವೇಶದ ಕುಣಿತ ಶುರು ಮಾಡಿ ಜಾರಿ ಬಿದ್ದ. ದುಡ್ಡು ಸಿಕ್ಕಿತು, ಆದರೆ ಅವನ ಮುಖ ನೋಡಲು ನನಗೆ ಎರಡು ದಿನ ಆಗಲಿಲ್ಲ.

ಸಮಯ ನೋಡಿ. ವ್ಯಾಪಾರಸ್ಥರಲ್ಲಿಗೆ ತಿಂಗಳ ಮೊದಲ ವಾರ ಬೇಡ. ಕೃಷಿಕರಲ್ಲಿಗೆ ಅಡಿಕೆ ಮಾರಿದ ಮೇಲೆ. ಆಟಕ್ಕೆ ಹದಿನೈದು ದಿನ ಇರುವಾಗ ಓಡಿದರೆ ನಿಮಗೆ ಸಿಗುವುದು 'ಈಗ ಕೈ ಖಾಲಿ' ಎಂಬ ಮಾತು. ಮೂರು ತಿಂಗಳು ಮೊದಲು ಹೋದರೆ 'ಮುಂದಿನ ತಿಂಗಳು ಬನ್ನಿ' ಎನ್ನುತ್ತಾರೆ, ಅದು ಒಪ್ಪಿಗೆ.

ಕೇಳುವಾಗ ಒಂದೇ ವಸ್ತು, ಒಂದೇ ಮೊತ್ತ. ಹೇಳಿದ ಮೇಲೆ ಬಾಯಿ ಮುಚ್ಚಿ ಕೂರಬೇಕು. ನಮಗೆ ಕಷ್ಟವಾಗುವುದು ಇದು. ಮೊತ್ತ ಹೇಳಿ ನಾಚಿಕೆಗೆ 'ಅಷ್ಟಲ್ಲದಿದ್ದರೂ ಅರ್ಧವಾದರೂ ಪರವಾಗಿಲ್ಲ' ಎಂದು ನಾವೇ ಇಳಿಸಿಬಿಡುತ್ತೇವೆ. ಅವರು ಯೋಚಿಸಲಿ. ಗೋಡೆಯ ಗಡಿಯಾರ ನೋಡುತ್ತಾ ಇರಿ.

ಹೊರಡುವಾಗ ಒಂದು ಪುಟದ ಪತ್ರ ಕೊಟ್ಟು ಬನ್ನಿ. ನಾನು ಬಳಸುವ ನಮೂನೆ ಹೀಗಿರುತ್ತದೆ:

*ಮಾನ್ಯರೇ,*
*ನಮ್ಮ ಸಂಘದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 24 ಮಕ್ಕಳು ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದಾರೆ. ಚೆಂಡೆ ಹದಿನಾಲ್ಕು ವರ್ಷ ಹಳೆಯದು, ದುರಸ್ತಿಗೆ ಬರುವುದಿಲ್ಲವೆಂದು ಮಾಡುವವರು ಹೇಳಿದ್ದಾರೆ. ಹೊಸದಕ್ಕೆ ತಗಲುವ ವೆಚ್ಚದ ದರಪಟ್ಟಿ ಜೊತೆಗಿದೆ. ಅದರಲ್ಲಿ ಮೂರನೇ ಒಂದು ಭಾಗವನ್ನು ಸದಸ್ಯರು ಹಾಕಿದ್ದೇವೆ. ಉಳಿದದ್ದನ್ನು ತಾವು ಕೊಡಬಹುದೇ ಎಂದು ಕೇಳಲು ಬಂದಿದ್ದೇವೆ. ಹಣ ಸಂಘದ ಖಾತೆಗೆ ಬಂದ ಎರಡು ತಿಂಗಳಲ್ಲಿ ಚೆಂಡೆ ತರಿಸಿ, ಬಿಲ್ಲಿನ ಪ್ರತಿಯನ್ನು ತಮಗೆ ತಲುಪಿಸುತ್ತೇವೆ. ಯಾವುದೇ ಭಾನುವಾರ ಒಂಬತ್ತು ಗಂಟೆಗೆ ಬಂದರೆ ತರಗತಿ ನೋಡಬಹುದು.*

'ಅಳಿವಿನಂಚಿನಲ್ಲಿರುವ ಶ್ರೀಮಂತ ಪರಂಪರೆ' ಎಂಬ ಸಾಲನ್ನು ಬರೆಯಬೇಡಿ. ಅದನ್ನು ಓದಿ ಓದಿ ಜನರ ಕಣ್ಣು ಜಾರುತ್ತದೆ. ಕೊನೆಯ ಸಾಲು ಮಾತ್ರ ಬಿಡಬೇಡಿ. ತರಗತಿ ನೋಡಲು ಬಂದವರಲ್ಲಿ ಕೊಡದೆ ಹೋದವರು ನನ್ನ ನೆನಪಿನಲ್ಲಿ ಇಬ್ಬರೇ.

ಒಬ್ಬ ದಾನಿ, ಒಂದು ವಸ್ತು ಎಂಬ ದಾರಿಯನ್ನು ದೊಡ್ಡದಾಗಿ ಮಾಡಿ ತೋರಿಸಿದವರನ್ನು ನೋಡಬೇಕಾದರೆ ಉಡುಪಿಗೆ ಹೋಗಿ. 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮದ ಕೆಲಸದ ಜೊತೆಗೆ, 'ವಿದ್ಯಾಪೋಷಕ್' ಹೆಸರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ದಾನಿಗಳಿಂದ ನೆರವು ಕೊಡಿಸುತ್ತದೆ, ಮನೆಯನ್ನೂ ಕಟ್ಟಿಸಿಕೊಡುತ್ತದೆ. ಮನೆಗೊಬ್ಬ ದಾನಿ, ಗೃಹಪ್ರವೇಶಕ್ಕೆ ಅವರೇ ಬರುತ್ತಾರೆ. ಭಾಗವತ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಆರಂಭಿಸಿದ ಪಟ್ಲ ಫೌಂಡೇಶನ್ ಕಲಾವಿದರಿಗೆ ವಿಮೆ, ಚಿಕಿತ್ಸೆ, ಮನೆ ಎಂದು ಹಣ ಕೂಡಿಸುತ್ತದೆ. ಅಲ್ಲಿ ಹಣ ಕೇಳುವವರು ಸ್ವತಃ ರಾತ್ರಿ ಜಾಗಟೆ ಹಿಡಿದು ಪದ ಹೇಳುವವರು. ಕೊಡುವವನಿಗೆ ಅದು ದೊಡ್ಡ ಭರವಸೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತದ್ದು ಭಕ್ತರು ಜೋಳಿಗೆಗೆ ಹಾಕಿದ ಜೋಳದಿಂದ, ಆಶ್ರಮದ್ದೇ ನಾಟಕ ಕಂಪನಿಯ ದುಡಿಮೆಯಿಂದ, ಪುಟ್ಟರಾಜ ಗವಾಯಿಗಳಿಗೆ ಊರೂರಿನಲ್ಲಿ ನಡೆದ ತುಲಾಭಾರದಿಂದ. ಜೋಳ ಕೊಟ್ಟವನಿಗೂ ಅದು ಯಾರ ಹೊಟ್ಟೆಗೆ ಹೋಯಿತೆಂದು ಗೊತ್ತಿತ್ತು.

ಹೆಜ್ಜೆ 5: ರಸೀದಿ

ಹಣ ಬಂದ ದಿನವೇ ರಸೀದಿ. ಹೆಸರು, ವಿಳಾಸ, ಪ್ಯಾನ್, ಯಾವುದಕ್ಕೆ ಕೊಟ್ಟದ್ದು, ಹೇಗೆ ಬಂದದ್ದು. ವಿಳಾಸವಿಲ್ಲದ 'ಹಿತೈಷಿಗಳು' ಎಂಬ ರಸೀದಿ ಹೆಚ್ಚಾದರೆ ಒಂದು ಮಿತಿ ದಾಟಿದ ಮೇಲೆ ಆ ಹಣಕ್ಕೆ ಸಂಘವೇ ತೆರಿಗೆ ಕಟ್ಟಬೇಕಾಗುತ್ತದೆ.

80ಜಿ ಇರುವ ಸಂಘಗಳು ಆರ್ಥಿಕ ವರ್ಷದ ದಾನಿಗಳ ವಿವರವನ್ನು ಮೇ 31ರೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. 10ಬಿಡಿ ಎಂದು ಎಲ್ಲರ ಬಾಯಲ್ಲಿರುವ ನಮೂನೆ ಇದೇ. ಅದರಿಂದ ಬರುವ ಪ್ರಮಾಣಪತ್ರ ದಾನಿಗೆ ಹೋಗಬೇಕು. ನಮ್ಮ ಪುಸ್ತಕದ ರಸೀದಿ ಎಷ್ಟು ಚೆಂದ ಇದ್ದರೂ ಅವರ ತೆರಿಗೆಗೆ ನಡೆಯುವುದಿಲ್ಲ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ. ಪತ್ತನಾಜೆಯೂ ಮೇ ಕೊನೆಯಲ್ಲೇ ಬರುವುದರಿಂದ ನಾನು ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತೇನೆ.

ಹೆಜ್ಜೆ 6: ಕಂಪನಿಯ ಹಣ, ಸಂಸ್ಥೆಗಳ ಅನುದಾನ

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಎಂಬ ಮೂರಕ್ಷರ ಕೇಳಿದೊಡನೆ ನಮ್ಮ ಸಮಿತಿಯವರ ಕಣ್ಣು ಅರಳುತ್ತದೆ. ನಿಜ, 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಎಂಬ ಪಟ್ಟಿ ಏಳನೇ ಪರಿಶಿಷ್ಟದಲ್ಲಿ ಇದೆ, ಅದರಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆ-ಕರಕುಶಲ ಎಲ್ಲವೂ ಇವೆ. ಆದರೆ ಶಾಲೆ, ಆಸ್ಪತ್ರೆಗೆ ಕೊಡುವುದು ಕಂಪನಿಗಳಿಗೆ ಸುಲಭ. ಮಕ್ಕಳ ಊಟದ ಫೋಟೋದ ಮುಂದೆ ನಮ್ಮ ಕಿರೀಟದ ಫೋಟೋ ಸೋಲುತ್ತದೆ.

ಕೇಳುವುದೇ ಆದರೆ ಇಷ್ಟು ತಿಳಿದಿರಲಿ. ಸಂಘಕ್ಕೆ 12ಎ, 80ಜಿ ಎರಡೂ ಬೇಕು. ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯೂ ಬೇಕು. ಒಂದು ದಿನದ ಉತ್ಸವಕ್ಕೆ ಈ ಹಣ ಬರುವುದಿಲ್ಲ, ವರ್ಷವಿಡೀ ನಡೆಯುವ ತರಗತಿಯೋ ಶಾಲೆಗಳಲ್ಲಿ ತರಬೇತಿಯೋ ಆಗಬೇಕು. ಕಂಪನಿಯ ಪ್ರಚಾರಕ್ಕಾಗಿ ಪ್ರಾಯೋಜಿಸಿದ್ದು ಸಿಎಸ್‌ಆರ್ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ 'ನಿಮ್ಮ ಬ್ಯಾನರ್ ಹಾಕುತ್ತೇವೆ, ಸಿಎಸ್‌ಆರ್ ಕೊಡಿ' ಎಂದರೆ, ನಮಗೆ ನಿಯಮ ಗೊತ್ತಿಲ್ಲ ಎಂದು ನಾವೇ ಹೇಳಿಕೊಂಡ ಹಾಗೆ. ಹತ್ತಿರದಲ್ಲಿ ಕಾರ್ಖಾನೆಯೋ ಬಂದರೋ ಇದ್ದರೆ ಅಲ್ಲಿ ಮೊದಲು ಕೇಳಿ, ಕಾರ್ಯಕ್ಷೇತ್ರದ ಸುತ್ತಲಿನ ಜಾಗಕ್ಕೆ ಆದ್ಯತೆ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಅನುದಾನ ಕೊಡುವ ಖಾಸಗಿ ಸಂಸ್ಥೆಗಳಲ್ಲಿ ನಮ್ಮವರು ಕೇಳಲೇಬೇಕಾದ್ದು ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಶುರುವಾದದ್ದು, ಕಚೇರಿ ಬೆಂಗಳೂರಿನಲ್ಲೇ. ಅದು ತಾನೂ ಜನರಿಂದ, ಟ್ರಸ್ಟ್‌ಗಳಿಂದ ಹಣ ಕೂಡಿಸಿ ಕಲಾವಿದರಿಗೂ ಸಂಶೋಧಕರಿಗೂ ಹಂಚುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 'ಕಲಿ-ಕಲಿಸು' ಎಂಬ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರೂ ಕಲಾವಿದರೂ ಅನುದಾನ ಪಡೆದಿದ್ದಾರೆ. ಅಲ್ಲಿಗೆ ಚೆಂಡೆ ಕೊಡಿಸಿ ಎಂದು ಬರೆಯಬೇಡಿ. ಅವರಿಗೆ ಬೇಕಾದ್ದು ಒಂದು ಪ್ರಶ್ನೆ, ಒಂದು ಹೊಸ ಪ್ರಯತ್ನ: ನಿಮ್ಮ ಊರಿನ ಹಳೆಯ ಭಾಗವತರ ಮಟ್ಟುಗಳನ್ನು (ಹಾಡಿನ ಧಾಟಿಗಳನ್ನು) ದಾಖಲಿಸುವುದೋ, ತರಗತಿಯ ಪಾಠವನ್ನು ಪ್ರಸಂಗ ಮಾಡುವುದೋ, ಅಂಥದ್ದು.

ಹೆಜ್ಜೆ 7: ಹೊರದೇಶದ ಹಣಕ್ಕೆ ಕೈ ಹಾಕುವ ಮೊದಲು

ದುಬೈಯಲ್ಲೋ ಅಮೆರಿಕದಲ್ಲೋ ಇರುವ ಊರಿನವರು ಪ್ರೀತಿಯಿಂದ ಕಳಿಸುತ್ತೇನೆ ಎನ್ನುತ್ತಾರೆ. ಒಂದೇ ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ವಂತಿಗೆ. ಅಲ್ಲಿನ ಕನ್ನಡ ಸಂಘ ಕಳಿಸಿದ್ದೂ ಹಾಗೆಯೇ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ನೋಂದಣಿಗೆ ಸಂಘ ಮೂರು ವರ್ಷ ಹಳೆಯದಾಗಿದ್ದು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ತನ್ನ ಕೆಲಸಕ್ಕೆ ಖರ್ಚು ಮಾಡಿರಬೇಕು. ನಮ್ಮಂಥವರಿಗೆ ಆಗುವ ಮಾತಲ್ಲ. 'ಅಣ್ಣ ಕಳಿಸಿದ್ದನ್ನು ಊರಿನ ತಮ್ಮನ ಖಾತೆಯಿಂದ ಕೊಡಿಸೋಣ' ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಹೆಜ್ಜೆ 8: ದಾನಿಯನ್ನು ಎಲ್ಲಿ ಕೂರಿಸುವುದು

ಇದನ್ನು ಸ್ವಲ್ಪ ಕೋಪದಿಂದಲೇ ಬರೆಯುತ್ತೇನೆ. ನಮ್ಮ ಒಂದು ವಾರ್ಷಿಕೋತ್ಸವದಲ್ಲಿ ಸಭಾ ಕಾರ್ಯಕ್ರಮ ಏಳಕ್ಕೆ ಶುರುವಾಗಿ ಎಂಟೂ ಮುಕ್ಕಾಲಿಗೆ ಮುಗಿಯಿತು. ಹದಿಮೂರು ಜನ ದಾನಿಗಳು, ಹದಿಮೂರು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಪ್ರತಿಯೊಬ್ಬರ ಪರಿಚಯ. ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ಮಕ್ಕಳು ಬೆವರಿ, ಮುಖದ ಬಣ್ಣ ಇಳಿದು, ಒಬ್ಬಳು ಕಿರೀಟ ಬಿಚ್ಚಿ ನಿದ್ದೆ ಹೋಗಿದ್ದಳು. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಬೇಕು. ಪ್ರಸಂಗದ ಯುದ್ಧ ಭಾಗವನ್ನೇ ಕತ್ತರಿಸಿ ಮಂಗಳ ಹಾಡಬೇಕಾಯಿತು. ಕಲೆಗೆಂದು ಹಣ ಕೂಡಿಸಿ, ಆ ಹಣ ಕೊಟ್ಟವರಿಗಾಗಿ ಕಲೆಯನ್ನೇ ಕತ್ತರಿಸಿದೆವು.

ಆಮೇಲೆ ನಾವು ಮಾಡಿಕೊಂಡ ಕಟ್ಟು: ಸಭೆ ಇಪ್ಪತ್ತು ನಿಮಿಷ. ಸನ್ಮಾನ ಕಲಾವಿದರಿಗೆ ಮಾತ್ರ. ದಾನಿಗಳಿಗೆ ಚೌಕಿಪೂಜೆಯ ಹೊತ್ತಿಗೆ ಆಹ್ವಾನ. ಅಲ್ಲಿ ಮಕ್ಕಳಿಗೆ ಬಣ್ಣ ಹಚ್ಚುವುದನ್ನು ನೋಡಬಹುದು, ತಾವು ಕೊಟ್ಟ ಗೆಜ್ಜೆ ಯಾರ ಕಾಲಿನಲ್ಲಿದೆ ಎಂದು ಕೇಳಬಹುದು. ಹೆಸರು ಆಮಂತ್ರಣ ಪತ್ರಿಕೆಯಲ್ಲೂ ಬಾಗಿಲ ಬಳಿಯ ಫಲಕದಲ್ಲೂ ಇರುತ್ತದೆ. ಇಬ್ಬರು ಮುನಿಸಿಕೊಂಡು ಬಿಟ್ಟುಹೋದರು, ಉಳಿದ ಹನ್ನೊಂದು ಜನ ಹೊಸ ಕ್ರಮವೇ ಚೆಂದ ಎಂದರು. ಬೆಂಗಳೂರಿನ ರಂಗಶಂಕರ ರಂಗಮಂದಿರ 2004ರಲ್ಲಿ ಶುರುವಾದಾಗಿನಿಂದ ಹೊತ್ತಿಗೆ ಸರಿಯಾಗಿ ನಾಟಕ ಆರಂಭಿಸುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಅಲ್ಲಿಗೂ ದಾನಿಗಳು ಕೊಡುತ್ತಲೇ ಇದ್ದಾರೆ.

ಫಲಕದ ವಿಷಯದಲ್ಲಿ ಒಂದು ಸೂಕ್ಷ್ಮ. 'ಇಂಥವರ ಕೊಡುಗೆ' ಎಂದು ಕೃತಜ್ಞತೆಗೆ ಹೆಸರು ಬರೆದರೆ ಅದು ದಾನ, ಜಿಎಸ್‌ಟಿ ಬರುವುದಿಲ್ಲ. 2019ರ ಅಕ್ಟೋಬರಿನ ಸುತ್ತೋಲೆಯಲ್ಲಿ ಇದು ಸ್ಪಷ್ಟವಿದೆ. ಅಂಗಡಿಯ ಹೆಸರು, ಫೋನ್ ನಂಬರ್, 'ಎಲ್ಲ ಬಗೆಯ ಟೈಲ್ಸ್ ದೊರೆಯುತ್ತದೆ' ಎಂದು ಹಾಕಿದರೆ ಅದು ಜಾಹೀರಾತು. ಎರಡರ ಲೆಕ್ಕವೂ ಬೇರೆ ಬೇರೆ ಪುಟದಲ್ಲಿರಲಿ.

ಪ್ರಸಂಗ ಯಾವುದು, ಯಾರಿಗೆ ಯಾವ ವೇಷ ಎಂಬುದನ್ನು ದಾನಿ ಹೇಳಲು ಹೊರಟರೆ ಹಣ ವಾಪಸು ಕೊಡಿ. ನಾವು ಒಮ್ಮೆ ಕೊಟ್ಟಿದ್ದೇವೆ. ದೊಡ್ಡ ಮೊತ್ತವೇ. ಆ ವರ್ಷ ರಂಗಸ್ಥಳದ ಅಲಂಕಾರವನ್ನು ಬಾಳೆಕಂಬ, ಮಾವಿನೆಲೆಯಲ್ಲಿ ಮುಗಿಸಿದೆವು.

ಹೆಜ್ಜೆ 9: ಒಬ್ಬರ ಮೇಲೆ ಒರಗಬೇಡಿ

ವರ್ಷದ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಬ್ಬರಿಂದ ಬರದ ಹಾಗೆ ನೋಡಿಕೊಳ್ಳಿ. ಇದು ಕಾನೂನಲ್ಲ, ನನ್ನ ಹೆದರಿಕೆ. ದಾನಿಗೂ ವಯಸ್ಸಾಗುತ್ತದೆ, ವ್ಯಾಪಾರ ಬೀಳುತ್ತದೆ, ಮಕ್ಕಳಿಗೆ ಆಟದಲ್ಲಿ ಆಸಕ್ತಿ ಇರುವುದಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂಗೆ 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವು ಬಂದು, ಹಳ್ಳಿಗಳಿಗೆ ನಾಟಕ, ಸಿನಿಮಾ ಒಯ್ಯುವ 'ಜನಸ್ಪಂದನ' ನಡೆಯಿತು. ನೆರವು ಮುಗಿದ ಮೇಲೂ ಸಂಸ್ಥೆ ನಿಂತದ್ದು, 1949ರಿಂದಲೂ ಊರವರೇ ಕಟ್ಟಿಕೊಂಡು ಬಂದ ಬುಡ ಇದ್ದುದರಿಂದ. ಒಂದು ವರ್ಷದ ತರಗತಿಯ ಖರ್ಚಿನಷ್ಟು ಹಣವನ್ನು ಠೇವಣಿಯಲ್ಲಿ ಇಟ್ಟುಬಿಡಿ. ಅದನ್ನು ಮುರಿಯಲು ಮಹಾಸಭೆಯ ಒಪ್ಪಿಗೆ ಬೇಕೆಂದು ನಿಯಮ ಮಾಡಿ. ಕೊರೊನಾದ ಎರಡು ವರ್ಷ ನಮ್ಮ ಗುರುಗಳಿಗೆ ಸಂಭಾವನೆ ನಿಲ್ಲದೆ ಹೋದದ್ದು ಹಾಗೆ.

ಹೆಜ್ಜೆ 10: ಲೆಕ್ಕ ಹಿಡಿದು ಮತ್ತೆ ಹೋಗುವುದು

ಕೇಳಲು ಹೋದಷ್ಟೇ ಮುತುವರ್ಜಿಯಿಂದ ಲೆಕ್ಕ ಕೊಡಲು ಹೋಗಿ. ಒಂದೇ ಹಾಳೆ: ಬಂದದ್ದು, ಹೋದದ್ದು, ಉಳಿದದ್ದು, ಕೆಳಗೆ ಖಜಾಂಚಿಯ ಸಹಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಯಾರೂ ತೆರೆಯುವುದಿಲ್ಲ. ನಾನು ಮಳೆ ಹಿಡಿಯುವ ಮೊದಲು, ಪ್ರಮಾಣಪತ್ರಗಳನ್ನೂ ಸೇರಿಸಿ, ಒಂದು ವಾರ ಸ್ಕೂಟರಿನಲ್ಲಿ ಸುತ್ತುತ್ತೇನೆ. ಆ ಭೇಟಿಯಲ್ಲಿ ಹಣದ ಮಾತು ಎತ್ತಬಾರದು. ಅವರೇ ಎತ್ತಿದರೆ ಬೇರೆ.

ಮದ್ದಳೆಗೆ ಕೊಟ್ಟ ಹೋಟೆಲ್ ಮಾಲೀಕರು ಈಗ ಗಲ್ಲಾಪೆಟ್ಟಿಗೆಯಲ್ಲಿ ಮಗನನ್ನು ಕೂರಿಸಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಈ ಸಲ ಕನ್ನಡಕ ಹುಡುಕಿ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಿದರು. ಒಟ್ಟು ಮೊತ್ತವನ್ನು ನೋಡಲೇ ಇಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಭಾಗವತರ ಪ್ರಯಾಣದ ಖರ್ಚು ಹೋದ ವರ್ಷಕ್ಕಿಂತ ಕಡಿಮೆ ಆಗಿದೆಯಲ್ಲ, ಎಂತಕ್ಕೆ?"

"ಈ ವರ್ಷ ಬಸ್ಸಿಗೆ ಬರಲಿಲ್ಲ, ಕಲಿಯುವ ಹುಡುಗನೇ ಬೈಕಿನಲ್ಲಿ ಕರ್ಕೊಂಡು ಬಂದ."

"ಅವನಿಗೆ ಪೆಟ್ರೋಲಿಗೆ ಕೊಟ್ರಾ?"

ಕೊಟ್ಟಿರಲಿಲ್ಲ. ಅವರು ಮಗನ ಕಡೆ ತಿರುಗಿ ಇನ್ನೂರು ರೂಪಾಯಿ ತೆಗೆಯಲು ಹೇಳಿದರು, ನಾನು ಚೀಲದಿಂದ ರಸೀದಿ ಪುಸ್ತಕ ತೆಗೆದೆ.